ಬಾಗಿಲಿನ ಬಣ್ಣ

ಅಪ್ಪ ಅಂಗಿಯ ತೋಳನ್ನು ಮೂರನೆಯ ಸಲ ಕೆಳಕ್ಕೆ ಎಳೆದುಕೊಂಡರು.

"ಬೇಡ ಅಂದ್ರೆ ಬೇಡ. ಇಪ್ಪತ್ತೊಂದು ವರ್ಷದಿಂದ ಅವಳೊಬ್ಬಳ ಕೈಯಿಂದಲೇ ಚುಚ್ಚಿಸ್ಕೊಂಡಿದ್ದೀನಿ."

ಅಮ್ಮನ ಜೊತೆ ಒಂದೇ ವಾರ್ಡಿನಲ್ಲಿ ದುಡಿದು ನಿವೃತ್ತರಾಗಿದ್ದ ದಪ್ಪ ಸಿಸ್ಟರ್, ಇನ್ಸುಲಿನ್ ತುಂಬಿದ ಸಿರಿಂಜನ್ನು ಎತ್ತಿ ಹಿಡಿದು ನಿಂತಿದ್ದರು. "ನನ್ನ ಕೈಗೇನಾಗಿದೆ? ಇದೂ ನಲವತ್ತು ವರ್ಷ ಚುಚ್ಚಿದ ಕೈನೇ."

"ನಿಮ್ಮ ಕೈ ಗೊತ್ತಿರೋದಕ್ಕೇ ಬೇಡ ಅಂತಿರೋದು."

ಬಂದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಡುಮನೆಯಲ್ಲಿಟ್ಟ ಶವಪೆಟ್ಟಿಗೆಯಲ್ಲಿ ಅಮ್ಮ ಬಿಳಿ ಹೊದಿಕೆ ಹೊದ್ದು ಮಲಗಿದ್ದಳು. ಹೊದಿಕೆಯ ಮೂಲೆಗಳನ್ನು ಸಿಸ್ಟರೇ ಆಸ್ಪತ್ರೆಯ ಹಾಸಿಗೆಯಂತೆ ಬಿಗಿಯಾಗಿ ಮಡಚಿದ್ದರು. "ಒಂದು ಸುಕ್ಕು ಕಂಡ್ರೂ ಎದ್ದು ಕೂತು ಬೈತಾಳೆ," ಎಂದಿದ್ದರು.

ಮಗಳು ಗಡಿಯಾರ ನೋಡಿದಳು. ಹೊರಡಲು ಇನ್ನು ಅರ್ಧ ಗಂಟೆ. ನಿನ್ನೆ ಮಧ್ಯಾಹ್ನದಿಂದ ಅಪ್ಪನ ಹೊಟ್ಟೆಗೆ ಏನೂ ಬಿದ್ದಿಲ್ಲ. ಸೂಜಿ ಹಾಕದೆ ತಿನ್ನುವಂತಿಲ್ಲ, ತಿನ್ನದೆ ನಿಲ್ಲುವಂತಿಲ್ಲ. ಆದರೂ ಪೆಟ್ಟಿಗೆಗೆ ಮೊದಲ ಹೆಗಲು ತನ್ನದೇ ಎಂದು ಹಟ. ಹತ್ತು ಹೆಜ್ಜೆ ಹಾಕುವುದರೊಳಗೆ ಕುಸಿಯುತ್ತಾರೆ.

"ನೀನೇ ಹಾಕೇ," ಎಂದು ಚಿಕ್ಕಮ್ಮ ಅವಳ ಬೆನ್ನು ತಿವಿದಳು. "ದಿನವಿಡೀ ಸೂಜಿ ಹಿಡಿಯೋಳು ನೀನು."

"ನಾನು ಟೈಲರು ಚಿಕ್ಕಮ್ಮ. ಬಟ್ಟೆ ಅಯ್ಯೋ ಅನ್ನಲ್ಲ."

ನರ್ಸಿನ ಮಗಳಾದರೂ ಸಿರಿಂಜು ಕಂಡರೆ ಅವಳು ಮುಖ ತಿರುಗಿಸಿಬಿಡುತ್ತಿದ್ದಳು. "ನಾನಿಲ್ಲದ ದಿನ ಅಪ್ಪನಿಗೆ ಬೇಕಾಗುತ್ತೆ" ಎಂದು ಅಮ್ಮ ಒಮ್ಮೆ ಕಲಿಸಹೊರಟು, ನೀರು ತುಂಬಿದ ಸಿರಿಂಜನ್ನೂ ಚುಚ್ಚಿ ನೋಡಲೆಂದು ಒಂದು ಕಿತ್ತಳೆ ಹಣ್ಣನ್ನೂ ಮುಂದಿಟ್ಟಿದ್ದಳು. ಮಗಳು ಹಣ್ಣು ಸುಲಿದು ತಿಂದುಬಿಟ್ಟಿದ್ದಳು.

*

ಅಪ್ಪ ಮನೆಗಳಿಗೆ ಬಣ್ಣ ಹೊಡೆಯುವವರು. ಮದುವೆಗೆ ಮುಂಚೆ ಒಮ್ಮೆ ತುಕ್ಕು ಮೊಳೆ ತುಳಿದು ಆಸ್ಪತ್ರೆಗೆ ಹೋಗಿದ್ದರು. ಸೂಜಿ ಕಂಡದ್ದೇ ಎದ್ದು ಕುಂಟುತ್ತಾ ಹೊರಟವರನ್ನು ಹೊಸ ನರ್ಸ್ ತಡೆದಳು.

"ಒಂದು ಮಾತು ಹೇಳಿ ಹೋಗಿ. ನಿಮ್ಮನೆ ಬಾಗಿಲು ಯಾವ ಬಣ್ಣ?"

ಎಲ್ಲ ರೋಗಿಗಳಿಗೂ ಅವಳು ಕೇಳುತ್ತಿದ್ದುದು ಅದನ್ನೇ. ನೆನಪು ಮಾಡಿಕೊಂಡು ಹಸಿರು, ಕಂದು ಎನ್ನುವಷ್ಟರಲ್ಲಿ ಸೂಜಿ ಒಳಹೊಕ್ಕು ಹೊರಬಂದಿರುತ್ತಿತ್ತು. ಆದರೆ ಬಣ್ಣದವನನ್ನು ಬಣ್ಣ ಕೇಳಬಹುದೇ? ಅಪ್ಪ ಬಂದು ಮತ್ತೆ ಕೂತರು. "ನೀಲಿ. ಪೂರ್ತಿ ನೀಲಿ ಅನ್ನೋಕಾಗಲ್ಲ, ಸ್ವಲ್ಪ ಬೂದಿ ಬಣ್ಣ ಬೆರೆಸಿದ್ದೆ..." ಅವಳು ಚುಚ್ಚಿ, ಹತ್ತಿ ಒತ್ತಿ, ಚೀಟಿ ಬರೆದು, ಮುಂದಿನವರನ್ನು ಕರೆದರೂ ಅವರ ಮಾತು ಮುಗಿದಿರಲಿಲ್ಲ. ಉಳಿದದ್ದನ್ನು ಹೇಳಲು ಮರುದಿನವೂ ಹೋದರು.

ಸಕ್ಕರೆ ಕಾಯಿಲೆ ಬಂದ ಮೇಲೆ ಮನೆಯಲ್ಲೂ ದಿನಾ ಅದೇ ಪ್ರಶ್ನೆ. ಉತ್ತರ ಹಳಸಬಾರದೆಂದು ಅಪ್ಪ ವರ್ಷಕ್ಕೊಮ್ಮೆ ಡಬ್ಬಿಗಳ ತಳದಲ್ಲಿ ಉಳಿದದ್ದನ್ನೆಲ್ಲ ಕಲಸಿ, ಹೆಸರೇ ಇಲ್ಲದ ಬಣ್ಣವೊಂದನ್ನು ಬಾಗಿಲಿಗೂ ಚೌಕಟ್ಟಿಗೂ ಬಳಿಯುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದ ಅಮ್ಮ ಮಗಳ ಜಡೆ ಹೆಣೆದು, ಅಪ್ಪನ ತೋಳಿಗೆ ಬರುತ್ತಿದ್ದಳು.

"ಬದನೆಕಾಯಿ ಬಣ್ಣ."

"ಬದನೆ ಅಲ್ಲ ಕಣೇ, ಸಂಜೆ ಮೋಡ."

"ಮೋಡಕ್ಕೆ ಬದನೆ ತಿನ್ನಿಸಿದ್ದೀರಾ?"

ನಗುವಿನ ನಡುವೆ ಸೂಜಿ ಹೋದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

*

ಮಗಳು ಸಿಸ್ಟರ್ ಕೈಯಿಂದ ಸಿರಿಂಜು ತೆಗೆದುಕೊಂಡಳು. ಮಂಡಿಯೂರಿ ಕೂತು ಅಪ್ಪನ ಅಂಗಿಯ ತೋಳು ಮಡಚಿದಳು. ಅಪ್ಪ ಮತ್ತೆ ತೋಳು ಎಳೆದುಕೊಳ್ಳಲು ಕೈ ತಂದರು.

"ಅಪ್ಪಾ, ನಮ್ಮನೆ ಬಾಗಿಲು ಯಾವ ಬಣ್ಣ?"

ಕೈ ಅಲ್ಲೇ ನಿಂತಿತು. ಅಪ್ಪ ಬಾಗಿಲಿನ ಕಡೆ ತಿರುಗಿದರು.

"ನಿಮ್ಮಮ್ಮ ಬಟಾಣಿ ಸಿಪ್ಪೆ ಅಂತಿದ್ಲು. ಅವಳಿಗೆ ಎಲ್ಲಾ ತರಕಾರಿನೇ. ಅದು ಬಿಸಿಲಿಗೆ ಹಿಡಿದ ಎಳೆ ಎಲೆ. ಹಳದಿ ಎರಡು ಪಾಲು, ನೀಲಿ ಒಂದು, ಆಮೇಲೆ..."

"ಆಮೇಲೆ?"

"ಆಮೇಲೆ ಒಂದೇ ಚಮಚ ಕಪ್ಪು. ಹಾಕು, ಹೆದರಬೇಡ."

"ಯಾವಾಗಲೋ ಆಯ್ತು," ಎಂದಳು ಮಗಳು, ಹತ್ತಿ ಒತ್ತಿ ಹಿಡಿದು.

ಸಿಸ್ಟರ್ ಮೂಗೊರೆಸಿಕೊಂಡರು. "ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಟೈಲರಿಗೆ ಹೇಳಬೇಕಾ?"

ಚಿಕ್ಕಮ್ಮ ತಂದಿಟ್ಟ ಊಟದ ತಟ್ಟೆಯನ್ನು ಅಪ್ಪ ಖಾಲಿ ಮಾಡಿದರು. ಆಮೇಲೆ ಪೆಟ್ಟಿಗೆಯ ಮುಂಭಾಗಕ್ಕೆ ಹೆಗಲು ಕೊಟ್ಟರು. ಪಕ್ಕದಲ್ಲಿ, ಅಮ್ಮನ ಹಳೆಯ ರೋಗಿ, ಬಸ್ಸಿನ ಡ್ರೈವರು. "ನನ್ನನ್ನೂ ಕೇಳಿದ್ರು," ಎಂದರು ಅವರು ಮೆಲ್ಲಗೆ. "ಗಾಬರೀಲಿ ಬಸ್ಸಿನ ಬಾಗಿಲಿನ ಬಣ್ಣ ಹೇಳಿಬಿಟ್ಟಿದ್ದೆ."

ಬಾಗಿಲು ಕಿರಿದು. ತಿರುಗುವಾಗ ಪೆಟ್ಟಿಗೆಯ ಮೂಲೆ ಚೌಕಟ್ಟಿಗೆ ಬಡಿದು ಒಂದು ಚಕ್ಕೆ ಉದುರಿತು.

"ತಪ್ಪಾಯ್ತು ಯಜಮಾನ್ರೇ. ಮೂವತ್ತು ವರ್ಷ ಬಸ್ಸು ಓಡಿಸಿ ಒಂದು ಗೀರು ಬೀಳಿಸಿಲ್ಲ ನಾನು."

ಅಪ್ಪ ನಿಂತರು. ಚಕ್ಕೆ ಎದ್ದ ಜಾಗದಲ್ಲಿ ಎಳೆ ಹಸಿರಿನ ಕೆಳಗೆ ಇಟ್ಟಿಗೆ ಕೆಂಪು, ಅದರ ಕೆಳಗೆ ಸಂಜೆ ಮೋಡ, ಜೇನಿನ ಹಳದಿ, ಹೆಸರಿಲ್ಲದ ಇನ್ನಷ್ಟು ಬಣ್ಣಗಳು. ತೀರಾ ಒಳಗೆ ಬೂದಿ ಬೆರೆತ ನೀಲಿ.

ಹೆಗಲು ಅಲುಗಿಸದೆ, ಬಿಡುವಿದ್ದ ಕೈಯ ಹೆಬ್ಬೆರಳನ್ನು ಅಲ್ಲಿಟ್ಟು, ಹತ್ತಿ ಒತ್ತುವ ಹಾಗೆ ಸ್ವಲ್ಪ ಹೊತ್ತು ಒತ್ತಿ ಹಿಡಿದರು.

"ಬದನೆ ಅಲ್ಲ ಕಣೇ," ಎಂದು ನಕ್ಕು, ಹೊಸಿಲು ದಾಟಿದರು.