ಪಿಟೀಲು ಮೇಷ್ಟ್ರ ಕೋಟು

ಆರೋಗ್ಯ ಹೇಗಿದೆ ಎಂದು ಕೇಳಿದರೆ ಮುದುಕ ದರ್ಜಿ ಒಂದು ದಿನವೂ ಚೆನ್ನಾಗಿದೆ ಎಂದವನಲ್ಲ. "ಏನೋ ಇದ್ದೀನಪ್ಪ, ಕೈಲಾಗಲ್ಲ" ಎನ್ನುತ್ತಿದ್ದ. ಅದು ರೋಗವಲ್ಲ, ಕಸುಬಿನ ಚಾಳಿ. ಸೋಮವಾರವೇ ಮುಗಿಯುವ ಅಂಗಿಗೆ ಗುರುವಾರ ಬನ್ನಿ ಎನ್ನುವ ಆಸಾಮಿ. ಬಟ್ಟೆ ಧಾರಾಳವಾಗಿದ್ದರೂ ಸಾಲುತ್ತದೋ ಇಲ್ಲವೋ ಎಂದು ತಲೆ ಕೆರೆಯುವವನು. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟ ಹಾಗೆ ಮಾತಿನೊಳಗೂ ಒಂದಿಷ್ಟು ಬಿಟ್ಟಿರಬೇಕು, ಆಗ ನಾಳೆ ಯಾರೂ ಜಗಳಕ್ಕೆ ಬರುವುದಿಲ್ಲ ಎಂಬುದು ಅವನ ಲೆಕ್ಕ.

ಅದೇ ಅಂಗಡಿಯಲ್ಲಿ ಬೆಳೆದ ಮಗನಿಗೆ ಈ ಲೆಕ್ಕ ತಿಳಿಯಬಾರದೇ? ಅಂಗಿಯ ವಿಷಯದಲ್ಲಿ ತಿಳಿದಿತ್ತು. ಅಪ್ಪನ ವಿಷಯದಲ್ಲಿ ಪ್ರೀತಿ ಅಡ್ಡ ಬಂತು.

ಹೋದ ಚಳಿಗಾಲದಲ್ಲಿ ಮುದುಕನಿಗೆ ಜ್ವರ ಬಂದು ಎರಡು ದಿನಕ್ಕೇ ಬಿಟ್ಟಿತು. ಎದೆ, ಬೆನ್ನು ಎಲ್ಲ ನೋಡಿದ ಡಾಕ್ಟರು, ಏನೂ ಇಲ್ಲ, ಓಡಾಡಿಕೊಂಡಿರಲಿ ಎಂದರು. ಸೊಸೆ ಹಾಸಿಗೆಗೇ ತಂದುಕೊಟ್ಟ ಕಾಫಿಯ ರುಚಿ ಹತ್ತಿತ್ತೋ ಏನೋ, ಇವನು ಮಾತ್ರ, "ಅವರಿಗೇನು ಗೊತ್ತು? ನನ್ನ ಕೈಲಾಗಲ್ಲ" ಎಂದುಬಿಟ್ಟ.

ಆಡಿದ ಮಾತನ್ನು ಮಗ ಕಣ್ಣಿಗೊತ್ತಿಕೊಂಡ. "ನೀವು ಮೇಲೇ ಇರಿ ಅಪ್ಪ, ಅಂಗಡಿ ನಾನು ನೋಡ್ಕೋತೀನಿ" ಎಂದ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಒಬ್ಬರು ಹತ್ತಿದರೆ ಇನ್ನೊಬ್ಬರು ಕಾಯಬೇಕಾದ ಕಿರಿದಾದ ಮೆಟ್ಟಿಲು. ಕಾಫಿಯ ಹಿಂದೆ ಊಟವೂ ಹಾಸಿಗೆಗೆ ಬಂತು. ಸ್ನಾನಕ್ಕೆ ಕುರ್ಚಿ ಬಂತು. ಮೆಟ್ಟಿಲ ಬಾಯಿಗೆ ಮೊಣಕಾಲೆತ್ತರದ ಗೇಟು ಬಂತು. ಕೂತಲ್ಲೇ ಗುಂಡಿಗಳಿಗೆ ಕಾಜಾ ಮಾಡಿಕೊಡುತ್ತೇನೆ ಎಂದರೆ ಸೊಸೆ ಸೂಜಿಯನ್ನೂ ಕೈಗೆ ಕೊಡಲಿಲ್ಲ.

ಬೇಸಿಗೆಯ ಹೊತ್ತಿಗೆ ಮುದುಕನಿಗೆ ಸಾಕುಸಾಕಾಯಿತು. "ಈಗ ಪರವಾಗಿಲ್ಲ ಕಣೋ, ಕೆಳಗೆ ಬರ್ತೀನಿ" ಎಂದ.

"ಹಟ ಮಾಡ್ಬೇಡಿ ಅಪ್ಪ. ನೀವೇ ತಾನೆ ಆಗಲ್ಲ ಅಂದಿದ್ದು?"

ಸುಳ್ಳು ಹೇಳಿದ್ದೆ ಎನ್ನಲು ಮಾನ ಬಿಡಲಿಲ್ಲ. ತಿಂಗಳುಗಟ್ಟಲೆ ಕಿಟಕಿಯ ಬಳಿ ಕೂತು, ಕೆಳಗಿನ ಮೆಷಿನ್ನಿನ ಸದ್ದು ಕೇಳುತ್ತ, ಮಗ ಯಾವ ಬಟ್ಟೆ ಹೊಲಿಯುತ್ತಿದ್ದಾನೆಂದು ಊಹಿಸುತ್ತ ಒಳಗೊಳಗೇ ಕುದಿಯುತ್ತಿದ್ದ.

ಹೀಗಿರುವಾಗ ಒಂದು ಬೆಳಗ್ಗೆ ಪಿಟೀಲು ಮೇಷ್ಟ್ರ ದನಿ ಕೇಳಿಸಿತು. ಜೀವಮಾನವೆಲ್ಲ ಪಿಟೀಲು ಹಿಡಿದು ಮೇಷ್ಟ್ರ ಎಡಭುಜ ಮೇಲೆದ್ದಿತ್ತು. ಅದು ಕಾಣದ ಹಾಗೆ ಕೋಟು ಕತ್ತರಿಸುತ್ತಿದ್ದವನು ಮುದುಕನೇ.

"ಅಪ್ಪಂಗೆ ಆಗಲ್ಲ ಮೇಷ್ಟ್ರೇ" ಎನ್ನುತ್ತಿದ್ದ ಮಗ.

"ಹಾಗಾದ್ರೆ ಬಟ್ಟೆ ವಾಪಸ್ ಕೊಡಪ್ಪ."

ಮುದುಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಈ ಕೋಟಿಗೆ ಕತ್ತರಿ ಹಾಕಿಬಿಟ್ಟರೆ ನಾಳೆಯಿಂದ ತನ್ನನ್ನು ತಡೆಯುವವರು ಯಾರು? ಹಾಕದಿದ್ದರೆ ಈ ಕಿಟಕಿಯೇ ಗತಿ. ಗೇಟು ತೆಗೆದ. ಎರಡು ಮೆಟ್ಟಿಲಿಗೇ ಮೊಣಕಾಲು ಗಡಗಡ ಎಂದಿತು. ಹಾಳಾಗಿ ಹೋಗಲಿ ಎಂದು ಕೂತೇಬಿಟ್ಟ. ಒಂದೊಂದೇ ಮೆಟ್ಟಿಲು ಕುಂಡೆಯ ಮೇಲೆ ಜಾರುತ್ತ, ಪಂಚೆ ಸರಿಮಾಡಿಕೊಳ್ಳುತ್ತ ಕೆಳಗಿಳಿದ.

"ಬಂದ್ಯಾ ಮಹಾರಾಜ, ಸವಾರಿ ಚೆನ್ನಾಗಿತ್ತಾ?" ಎಂದರು ಮೇಷ್ಟ್ರು.

ಮಗ ಓಡಿಬಂದು ಎತ್ತಿ ನಿಲ್ಲಿಸಿದ. ಮುದುಕ ಟೇಪು ಕೇಳಿ ತೆಗೆದುಕೊಂಡ. ಭುಜದ ಅಳತೆ ಬೆರಳಿಗೆ ಮರೆತಿರಲಿಲ್ಲ. ಮೇಜಿಗೆ ಹೊಟ್ಟೆ ಆನಿಸಿಕೊಂಡು ಸೀಮೆಸುಣ್ಣದಲ್ಲಿ ಗೀಟು ಎಳೆದ. ಗೀಟು ನೇರವಾಗಿ ಬಂತು. ಬಾಗಿಲಲ್ಲಿ ನಿಂತ ಸೊಸೆಯ ಮುಖವೂ ಅರಳಿತು. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಮೇಷ್ಟ್ರಿಗೆ, ಹೊಟ್ಟೆ ಬಂದಿದೆ ಕಣಯ್ಯ ಎಂದು ತಿರುಗಿ ಛೇಡಿಸಿದ.

ಕತ್ತರಿ ಎತ್ತಿದ. ಕಬ್ಬಿಣದ ದೊಡ್ಡ ಕತ್ತರಿ. ಬಾಯಿ ತೆರೆಯಿತು, ಆದರೆ ದಪ್ಪ ಬಟ್ಟೆಯನ್ನು ಕಚ್ಚಿದ್ದೇ ಹೆಬ್ಬೆರಳು ನಿಂತುಹೋಯಿತು. ಒತ್ತಿದ. ಎರಡೂ ಕೈ ಸೇರಿಸಿ ಒತ್ತಿದ. ಕತ್ತರಿ ಬಟ್ಟೆಯನ್ನು ಕತ್ತರಿಸದೆ ಅಗಿಯಿತು, ಗೀಟು ಬಿಟ್ಟು ಆಚೆ ಹೋಯಿತು.

ಮಗ ಕಿತ್ತುಕೊಳ್ಳಲಿಲ್ಲ, ಬೈಯಲಿಲ್ಲ. ಅಪ್ಪನ ಕೈಯ ಮೇಲೆ ಕೈಯಿಟ್ಟು ನಿಲ್ಲಿಸಿದ.

"ನನಗೆ ಗೊತ್ತಿತ್ತು ಅಪ್ಪ. ಆವತ್ತೇ ಹೇಳಿದ್ರಿ ನೀವು. ನಿಮ್ಮ ಮಾತು ನಾನು ಯಾವತ್ತಾದ್ರೂ ತೆಗೆದುಹಾಕಿದ್ದೀನಾ?"

ಮುದುಕ ಕತ್ತರಿ ಕೆಳಗಿಟ್ಟ. "ಆವತ್ತು ಆಗ್ತಿತ್ತು ಕಣೋ" ಎಂದ ಕೊನೆಗೂ. "ಸುಮ್ನೆ ಅಂದಿದ್ದೆ. ಆವತ್ತು ಎಲ್ಲಾ ಆಗ್ತಿತ್ತು."

"ಆಯ್ತು ಬಿಡಿ" ಎಂದ ಮಗ, ಮಗುವಿಗೆ ಹೇಳುವ ಹಾಗೆ. ಬೆನ್ನು ತಿರುಗಿಸಿ ಕುಕ್ಕರಗಾಲಿನಲ್ಲಿ ಕೂತ.

ಬೇರೆ ದಾರಿ ಇರಲಿಲ್ಲ. ಮುದುಕ ಮಗನ ಕೊರಳಿಗೆ ಕೈ ಹಾಕಿ ಬೆನ್ನೇರಿದ. ಮೆಟ್ಟಿಲು ಹತ್ತುವಾಗ ಕೆಳಗೆ ಮೇಷ್ಟ್ರು ಸೊಸೆಗೆ ಹೇಳುತ್ತಿದ್ದುದು ಕೇಳಿಸಿತು: "ಪುಣ್ಯವಂತ ಕಣಮ್ಮ ನಿಮ್ಮ ಮಾವ. ಇಂಥ ಮಗ ಯಾರಿಗೆ ಸಿಗ್ತಾನೆ?"