ಸೊನ್ನೆಯ ಒಪ್ಪಂದ

ಈ ವರ್ಷ ಪರದೇಶದಲ್ಲಿ ಓದುವ ಕೆನಡಾದವರಿಗೆಲ್ಲ ಎರಡು ಕೆಲಸ. ಒಂದು ಓದು. ಇನ್ನೊಂದು, ನಮ್ಮ ದೇಶ ಪಕ್ಕದ ಬಲಿಷ್ಠ ದೇಶದೊಳಗೆ ಇನ್ನೂ ಕರಗಿಹೋಗಿಲ್ಲ ಎಂದು ಕೇಳಿದವರಿಗೆಲ್ಲ ಹೇಳುವುದು. ಎರಡನೆಯದರಲ್ಲೇ ನಾನು ಹೆಚ್ಚು ದಣಿದಿದ್ದೇನೆ.

ಈ ಡಚ್ ಊರು ಗ್ರೋನಿಂಗೆನ್‌ಗೆ ಬಂದು ಹದಿನೇಳು ತಿಂಗಳಾಯಿತು. ಬೆಳಿಗ್ಗೆ ಎದುರುಗಾಳಿಯಲ್ಲಿ ಸೈಕಲ್ ತುಳಿದು ಪ್ರಯೋಗಾಲಯಕ್ಕೆ ಹೋಗುತ್ತೇನೆ, ಸಂಜೆ ಎದುರುಗಾಳಿಯಲ್ಲೇ ವಾಪಸ್ಸು ಬರುತ್ತೇನೆ. ಇದು ಬರೀ ನನ್ನ ಗೊಣಗಾಟವಿರಬಹುದೆಂದು ನಲವತ್ತು ದಿನ ಬರೆದಿಟ್ಟು ನೋಡಿದೆ. ಇಪ್ಪತ್ತಾರು ದಿನ ಎರಡೂ ಹೊತ್ತು ಗಾಳಿ ಎದುರೇ ಇತ್ತು. ಪ್ರಯೋಗಾಲಯದಲ್ಲಿ ನನ್ನದು ಜೌಗುಮಣ್ಣಿನ ಕೆಲಸ. ಕಪ್ಪು ಮಣ್ಣನ್ನು ಗಾಜಿನ ಜಾಡಿಗಳಲ್ಲಿ ಮುಚ್ಚಿಟ್ಟು, ಅದು ಎಷ್ಟು ಅನಿಲ ಬಿಡುತ್ತದೆಂದು ಮೂರು ಗಂಟೆಗೊಮ್ಮೆ ಅಳೆಯುತ್ತೇನೆ. ಮಣ್ಣು ಉಸಿರಾಡುತ್ತದೆ, ನನಗೆ ಮಾತ್ರ ಪುರುಸೊತ್ತಿಲ್ಲ.

ಮನೆಯಲ್ಲಿ ಜೊತೆಗಿರುವವಳು ಹಿಲ್ಕೆ, ಇಲ್ಲಿಯವಳೇ. ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಚಾಕೊಲೇಟ್ ಪುಡಿ ಉದುರಿಸಿಕೊಂಡು ತಿನ್ನುತ್ತ ದಿನಕ್ಕೊಂದು ಪ್ರಶ್ನೆ ಕೇಳುತ್ತಾಳೆ.

"ಲೆಸ್ಯಾ, ನಿಮ್ಮ ಚುನಾವಣೇಲಿ ನೀನು ಹಾಕಿದ ಪಕ್ಷ ಗೆಲ್ಲುತ್ತಾ?"

"ನಮ್ಮೂರಲ್ಲಾ? ಹೋದ ಸಲ ಹದಿನೆಂಟು ಸಾವಿರ ಓಟಿಂದ ಸೋತಿತ್ತು."

"ಅಯ್ಯೋ ದೇವರೇ. ಮತ್ತ್ಯಾಕೆ ಹಾಕ್ತೀಯ?"

"ನಮ್ಮಪ್ಪ ಹಾಕ್ತಾನಲ್ಲ, ಅದಕ್ಕೆ."

ಅವಳಿಗೆ ಅರ್ಥವಾಗಲಿಲ್ಲ. ವಿವರಿಸುವ ಶಕ್ತಿ ನನಗೂ ಇರಲಿಲ್ಲ.

ನನ್ನ ಅಪ್ಪ ತರಾಸ್ ಹ್ನಾತ್ಯುಕ್, ಮ್ಯಾನಿಟೋಬಾದ ವಿಲೋ ಬೆಂಡ್ ಎಂಬ ಊರಿನಲ್ಲಿ ಶಾಲಾ ಬಸ್ಸಿನ ಚಾಲಕ. ಅಮ್ಮ ನಾನು ಹನ್ನೊಂದು ವರ್ಷದವಳಿದ್ದಾಗಲೇ ವಿನಿಪೆಗ್‌ಗೆ ಹೋಗಿ ಬೇರೆ ಸಂಸಾರ ಕಟ್ಟಿಕೊಂಡಳು. ಅಪ್ಪನದು ಬಲಪಂಥದ ನೀಲಿ ಪಕ್ಷ, ನನ್ನದು ಎಡಪಂಥದ ಕಿತ್ತಳೆ. ಹದಿನೆಂಟು ತುಂಬಿದಾಗಿನಿಂದ ಪ್ರತಿ ಚುನಾವಣೆಯಲ್ಲೂ ಇಬ್ಬರೂ ಒಂದೇ ಗಾಡಿಯಲ್ಲಿ ಊರಿನ ಮತಗಟ್ಟೆಯಾದ ಉಕ್ರೇನಿಯನ್ ಹಾಲ್‌ಗೆ ಹೋಗಿ, ಒಂದೇ ಸಾಲಿನಲ್ಲಿ ನಿಂತು ಓಟು ಹಾಕಿ, ಆಮೇಲೆ ಕಾಫಿ ಕುಡಿಯುತ್ತಿದ್ದೆವು. "ನೀನೊಂದು, ನಾನೊಂದು, ಒಟ್ಟು ಸೊನ್ನೆ. ದೇಶ ಕ್ಷೇಮವಾಗಿದೆ" ಎನ್ನುತ್ತಿದ್ದ ಅಪ್ಪ. ನಾನು ರಾಜಕೀಯ ಕಲಿತದ್ದು ಆ ಗಾಡಿಯ ಮುಂದಿನ ಸೀಟಿನಲ್ಲಿ, ಅಪ್ಪನ ಜೊತೆ ಕಿರುಚಾಡಿಕೊಂಡು.

ಈ ಸಲ ಅಪ್ಪನಿಗೆ ಸೊಂಟದ ಕೀಲು ಬದಲಿಸಿ ಐದು ವಾರವಾಗಿತ್ತಷ್ಟೇ. ಮಂಜುಗಡ್ಡೆಯ ಮೇಲೆ ಕಾಲಿಡಕೂಡದು, ಬಿದ್ದರೆ ಇನ್ನೊಂದು ಶಸ್ತ್ರಚಿಕಿತ್ಸೆ, ಅದಾದ ಮೇಲೆ ಬಸ್ಸು ಓಡಿಸುವುದು ಅನುಮಾನ ಎಂದಿದ್ದರು ವೈದ್ಯರು. ಅಂಚೆಯಲ್ಲಿ ಓಟು ಹಾಕಲು ಅರ್ಜಿ ಕೊಡು ಎಂದು ನಾನು ಮೂರು ಸಲ ಹೇಳಿದೆ. ನಾಳೆ ನಾಳೆ ಎನ್ನುತ್ತ ಗಡುವು ಕಳೆದ. ಚುನಾವಣೆಗೆ ನಾಲ್ಕು ದಿನವಿದೆ ಎನ್ನುವಾಗ, ಗುರುವಾರ ಫೋನ್ ಮಾಡಿದ.

"ಲೆಸ್ಯಾ, ಒಂದು ವ್ಯವಹಾರ. ಸಂಸತ್ತಲ್ಲಿ ಒಬ್ಬ ಬರೋಕಾಗ್ದೆ ಇದ್ರೆ ಎದುರು ಪಕ್ಷದವನೂ ಓಟು ಹಾಕ್ದೆ ಕೂತ್ಕೋತಾನೆ, ಜೋಡಿ ಕಟ್ಕೊಂಡು. ಮರ್ಯಾದಸ್ಥರ ಪದ್ಧತಿ. ನಾವೂ ಹಂಗೇ ಮಾಡೋಣ. ನಾನು ಹೋಗಲ್ಲ, ನೀನೂ ಹಾಕ್ಬೇಡ."

ನಾನು ಓಟನ್ನು ಅಂಚೆಗೆ ಹಾಕಿ ಆಗಲೇ ಹದಿನೇಳು ದಿನವಾಗಿತ್ತು. ಅದನ್ನು ಹೇಳಬೇಕಿತ್ತು. ಆದರೆ ಅಂದು ಎರಡು ಜಾಡಿಗಳ ಮುಚ್ಚಳ ಸಡಿಲವಾಗಿ ಒಂದು ವಾರದ ಅಳತೆ ಹಾಳಾಗಿತ್ತು. ನನ್ನ ಕೋಟು ನೆನೆದಿತ್ತು.

"ಹೂಂ ಅಪ್ಪ" ಎಂದೆ.

"ಮಾತು ಮಾತೇ ತಾನೇ?"

"ಹೂಂ."

ಭಾನುವಾರ ಡೆಕ್ಲನ್ ಪವರ್ ಸಿಕ್ಕಿದ. ಅವನು ನ್ಯೂಫೌಂಡ್‌ಲ್ಯಾಂಡಿನವನು, ಹಡಗುಗಳ ಎಂಜಿನಿಯರಿಂಗ್ ಓದುತ್ತಾನೆ. ಬೆನ್ನಚೀಲಕ್ಕೆ ಕೆನಡಾದ ಧ್ವಜ ಹೊಲಿಸಿಕೊಂಡಿದ್ದಾನೆ. ಕಾಲುವೆಯ ಪಕ್ಕ ಕರಿದ ಮೀನು ತಿನ್ನುತ್ತ ನಿಂತಿದ್ದೆವು.

"ಏನಮ್ಮಾ ಗೋಧಿ ಹೊಲದ ರಾಣಿ, ಓಟು ಹಾಕಿದ್ಯಾ? ನನಗಂತೂ ಅಭ್ಯರ್ಥಿ ಹೆಸರು ಬರೆಯೋದ್ರಲ್ಲಿ ಕೈ ಸೋತುಹೋಯ್ತು. ಏನು ಹೆಸರು ಅಂತೀಯ, ಊರಿಗಿಂತ ಉದ್ದ."

"ಪಕ್ಷದ ಹೆಸರು ಬರೆದ್ರೆ ಸಾಕಲ್ಲ" ಎಂದೆ.

ಅವನು ಅಗಿಯುವುದನ್ನು ನಿಲ್ಲಿಸಿದ. "ಲೆಸ್ಯಾ, ಸುಳ್ಳು ಅಂತ ಹೇಳು."

"ಏನು?"

"ಬರೀ ಪಕ್ಷದ ಹೆಸರು ಬರೆದ್ರೆ ತಿರಸ್ಕಾರ, ತಾಯೀ! ಖಾಲಿ ಚೀಟಿ ಕಳ್ಸೋದೇ ಅಭ್ಯರ್ಥಿ ಹೆಸರು ಬರೀಲಿ ಅಂತ. ಕೊಟ್ಟ ಹಾಳೇಲಿ ದಪ್ಪಕ್ಷರದಲ್ಲಿದೆ. ನೀನು ವಿಜ್ಞಾನಿ ಬೇರೆ!"

ಹಾಳೆ ನಾನು ಓದಿದ್ದೆ. ಎರಡು ಸಲ. ಆದರೆ ಆ ವಾರ ನಮ್ಮ ಕ್ಷೇತ್ರದ ಅಭ್ಯರ್ಥಿಗಳ ಪಟ್ಟಿ ಇನ್ನೂ ಬಂದಿರಲಿಲ್ಲ, ಅಂಚೆ ತಡವಾದರೆ ಲಕೋಟೆ ಹೊತ್ತಿಗೆ ಸರಿಯಾಗಿ ಒಟ್ಟಾವಾ ತಲುಪುವುದಿಲ್ಲವೆಂಬ ಹೆದರಿಕೆ. ಪಕ್ಷದ ಹೆಸರನ್ನೇ ಅಂದವಾಗಿ ಬರೆದೆ. ಅರ್ಥ ಮಾಡಿಕೊಳ್ಳುತ್ತಾರೆ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಒಳಲಕೋಟೆ, ಹೊರಲಕೋಟೆ, ಸಹಿ, ತಾರೀಖು ಎಲ್ಲವನ್ನೂ ಮೂರು ಸಲ ನೋಡಿ, ಮುಖ್ಯವಾದದ್ದನ್ನೇ ಬಿಟ್ಟಿದ್ದೆ.

"ಬೇಜಾರ್ ಮಾಡ್ಕೋಬೇಡ" ಎಂದ ಡೆಕ್ಲನ್. "ನಿಮ್ಮೂರಲ್ಲಿ ಹೇಗೂ ಹದಿನೆಂಟು ಸಾವಿರದಿಂದ ಸೋಲೋದೇ ಅಲ್ವಾ. ನಿಂದೊಂದು ಹೋದ್ರೆ ಯಾರು ಅಳ್ತಾರೆ?"

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನನ್ನ ಓಟು ಕೆಟ್ಟಿತು. ಅಪ್ಪ ಮನೆಯಲ್ಲೇ ಇರುತ್ತಾನೆ. ಸೊನ್ನೆಗೆ ಸೊನ್ನೆ. ಯಾರಿಗೂ ಮೋಸವಾಗಿಲ್ಲ, ಸೊಂಟವೂ ಕ್ಷೇಮ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಯಾಗಿದೆ. ಹೇಳಿದರೆ ಅಪ್ಪ ಹಟಕ್ಕೆ ಬಿದ್ದು ಐಸ್ ಮೇಲೆ ಇಳಿಯುತ್ತಾನೆ. ಅವನನ್ನು ನಾನು ಬಲ್ಲೆ.

ಆದರೂ ಒಂದು ವಿಷಯ ಕೊರೆಯುತ್ತಿತ್ತು. ಪ್ರಯೋಗದಲ್ಲಿ ಹೋಲಿಕೆಗೆಂದು ಮಣ್ಣೇ ಇಲ್ಲದ ಜಾಡಿಯೊಂದನ್ನು ಇಟ್ಟಿರುತ್ತೇವೆ, ಅದರ ಅಳತೆ ಸೊನ್ನೆ. ಮುಚ್ಚಳ ಸೋರಿದ ಜಾಡಿಯದೂ ಕೆಲವೊಮ್ಮೆ ಸೊನ್ನೆ. ಕಾಗದದ ಮೇಲೆ ಎರಡೂ ಒಂದೇ ಅಂಕಿ. ಮೊದಲನೆಯದನ್ನು ನಂಬುತ್ತೇವೆ, ಎರಡನೆಯದನ್ನು ಹೊಡೆದುಹಾಕಿ ಪಕ್ಕದಲ್ಲಿ ಕಾರಣ ಬರೆಯುತ್ತೇವೆ. ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬರೆಯದೆ ಇದ್ದವರನ್ನು ನಾನು ನೋಡಿದ್ದೇನೆ, ಅವರು ನನಗಿಂತ ಬೇಗ ಪದವಿ ಮುಗಿಸಿದ್ದಾರೆ.

ಸೋಮವಾರ ಸಂಜೆ ಐದಕ್ಕೆ, ಅಲ್ಲಿ ಬೆಳಿಗ್ಗೆ ಹತ್ತು, ಪ್ರಯೋಗಾಲಯದಿಂದಲೇ ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ನಾನು ಓಟು ಹಾಕ್ಬಿಟ್ಟಿದೀನಿ."

"ಯಾವಾಗ?"

"ನೀನು ಕೇಳೋಕ್ಕೆ ಹದಿನೇಳು ದಿನ ಮುಂಚೆ."

ಆ ಕಡೆ ರೇಡಿಯೋ ಕೇಳಿಸುತ್ತಿತ್ತು. ಅಪ್ಪ ಅದನ್ನು ಆರಿಸಿದ.

"ಮತ್ತೆ ಗುರುವಾರ ಹೂಂ ಅಂದೆ."

"ಅಂದೆ. ನೀನು ಐಸ್ ಮೇಲೆ ಹೋಗ್ದೆ ಇರ್ಲಿ ಅಂತ... ಅಲ್ಲ, ಅದು ಆಮೇಲೆ ಹೊಳೆದ ಕಾರಣ. ಸುಸ್ತಾಗಿತ್ತು. ಹೇಳೋಕಾಗ್ಲಿಲ್ಲ." ಉಳಿದದ್ದನ್ನೂ ಹೇಳಿದೆ: ಪಕ್ಷದ ಹೆಸರು, ತಿರಸ್ಕಾರ.

ಅಪ್ಪ ನಕ್ಕ. ಕೆಮ್ಮು ಬರುವವರೆಗೂ ನಕ್ಕ. "ಮಣ್ಣನ್ನ ನಾಕು ದಶಾಂಶದ ತನಕ ತೂಗೋಳು, ಒಂದು ಹೆಸರು ಬರೆಯೋಕಾಗ್ಲಿಲ್ವಾ ನಿಂಗೆ?"

"ನಗು, ನಗು."

"ಅಂದ್ರೆ ನಾನು ಮನೇಲೇ ಕೂತಿದ್ರೂ ಸೊನ್ನೆ."

"ಹೌದು."

"ನೀನು ಬಾಯಿ ಬಿಡ್ದೇ ಇದ್ದಿದ್ರೂ ಸೊನ್ನೆ."

"ಹೌದು."

"ಮತ್ತ್ಯಾಕೆ ಹೇಳ್ದೆ?"

ಉತ್ತರಕ್ಕೆ ಅವನು ಕಾಯಲಿಲ್ಲ. ಕುರ್ಚಿ ಕಿರುಗುಟ್ಟಿತು, ಎದ್ದು ನಿಂತನೆಂದು ಗೊತ್ತಾಯಿತು.

"ಅಪ್ಪಾ, ಬೇಡ. ಮೈನಸ್ ಇಪ್ಪತ್ತಾರಿದೆ, ನೋಡಿದೀನಿ."

"ಒಬ್ಳು ಸುಳ್ಳು ಹೇಳಿ ಓಟು ಕೆಡಿಸ್ಕೊಂಡ್ಳು, ಇನ್ನೊಬ್ಬ ಸೋಫಾ ಮೇಲೆ ಬಿದ್ಕೊಂಡ. ಇದು ಒಪ್ಪಂದ ಅಲ್ಲ ಕಣೇ, ಎರಡು ಸೋಮಾರಿಗಳು. ನೆಟ್ಟಿ ಗಾಡಿ ತರ್ತೀನಿ ಅಂದಿದ್ಲು, ಕರೀತೀನಿ." ನೆಟ್ಟಿ ವಸಿಲಿಕ್ ಪಕ್ಕದ ಮನೆಯವಳು, ಎಪ್ಪತ್ತು ದಾಟಿದೆ. "ಅಂದ ಹಾಗೆ, ನಿನ್ನ ಅಭ್ಯರ್ಥಿ ಯಾರು?"

"ಗೊತ್ತಿಲ್ಲ."

"ಡಯಾನ್ ಶೆವ್ರಿಯೆ. ಹಲ್ಲಿನ ಡಾಕ್ಟರ್ ಹತ್ರ ಕೆಲ್ಸ. ಒಂದನೇ ಕ್ಲಾಸಿಂದ ನನ್ನ ಬಸ್ಸಲ್ಲೇ ಬರ್ತಿದ್ಲು, ಒಂದಿನಾನೂ ಗಲಾಟೆ ಇಲ್ಲ."

"ಅವಳಿಗೆ ಹಾಕ್ತೀಯಾ?"

"ತಲೆ ಕೆಟ್ಟಿದ್ಯಾ? ನನ್ನದು ನಂದೇ. ಈ ಸಲ ನಿನ್ನನ್ನ ಒಂದು ಓಟಿಂದ ಸೋಲಿಸ್ತೀನಿ."

ಫೋನನ್ನು ಕೋಟಿನ ಎದೆಜೇಬಿಗೆ ಹಾಕಿಕೋ, ಕಡಿಯಬೇಡ ಎಂದು ಬೇಡಿಕೊಂಡೆ. ಮನೆಯ ಇನ್ನೊಂದು ಫೋನಿನಿಂದ ನೆಟ್ಟಿಯನ್ನು ಕರೆದು, ಹಾಗೇ ಹಾಕಿಕೊಂಡ. ಬಟ್ಟೆಯ ಸರಸರ, ಬಾಗಿಲು, ಆಮೇಲೆ ಗಾಳಿ. ಅಂಗಳದಲ್ಲಿ ಮೂರು ಮೆಟ್ಟಿಲು, ಮೂರನ್ನೂ ಎಣಿಸಿದೆ. ಅಲ್ಲಿಂದ ರಸ್ತೆಗೆ ಇಪ್ಪತ್ತೆರಡು ಹೆಜ್ಜೆ, ಚಿಕ್ಕವಳಿದ್ದಾಗ ಅಳೆದದ್ದು. ಅವನ ಈಗಿನ ಹೆಜ್ಜೆಗೆ ಎಷ್ಟಾಗುತ್ತದೋ. ಊರುಗೋಲು ಐಸ್‌ಗೆ ತಾಗಿದ ಸದ್ದು, ಬೂಟಿನ ಕರಕರ, ಉಸಿರು. ಹದಿನೇಳನೆಯ ಹೆಜ್ಜೆಗೆ ಎಲ್ಲ ಸದ್ದೂ ನಿಂತಿತು. ನಾನು ಮೇಜಿನ ಅಂಚು ಹಿಡಿದುಕೊಂಡೆ.

"ತೋಳು ಕೊಡೋ ತರಾಸ್." ನೆಟ್ಟಿಯ ದನಿ.

"ನನಗೇನಾಗಿದೆ? ಬೇಡ."

"ನಿಂಗಲ್ಲ ಕಣೋ, ನಂಗೆ. ನಾನು ಬಿದ್ರೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ, ಅದಕ್ಕೆ."

ಮತ್ತೆ ಕರಕರ, ಈಗ ಎರಡು ಜೋಡಿ. ಮೂವತ್ತೊಂದು, ಮೂವತ್ತೆರಡು. ಗಾಡಿಯ ಬಾಗಿಲು ಧಡ್ ಎಂದು ಮುಚ್ಚಿತು.

"ಇದೀಯಾ?" ಜೇಬಿನ ಕಡೆ ಬಗ್ಗಿ ಕೇಳಿದ ಅಪ್ಪ.

"ಇದೀನಿ."

"ಹಾಲ್ ಮುಂದೆ ಇನ್ನೂ ಜಾಸ್ತಿ ಐಸ್ ಇದೆಯಂತೆ. ಫೋನ್ ಇಡ್ಬೇಡ."

ಐದೂವರೆಯ ಅಳತೆಯ ಹೊತ್ತಾಗಿತ್ತು. ಜಾಡಿಗಳನ್ನು ಹಾಗೇ ಬಿಟ್ಟು, ಫೋನನ್ನು ಕಿವಿಗೆ ಒತ್ತಿಕೊಂಡು ಕೂತೆ.