ಕಾರ್ಕಿನಡಿಯ ಗೆರೆ

ಮೇಲೆ ಕುರ್ಚಿ ಕಿರುಗುಟ್ಟಿದ ಸದ್ದು, ಎದ್ದನೇ — ಇಲ್ಲ, ಮಗ್ಗುಲು ಬದಲಿಸಿರಬೇಕು, ಮಧ್ಯಾಹ್ನ ಊಟ ಮುಗಿಸಿ ಆ ಆರಾಮಕುರ್ಚಿಗೆ ಬಿದ್ದರೆ ಓರಿನ್‌ಗೆ ಮನೆ ಹೊತ್ತಿ ಉರಿದರೂ ಎಚ್ಚರವಿಲ್ಲ, ನಿದ್ದೆಯಲ್ಲಿ ಮಾತ್ರ ಅವನ ಬಲಗೈ ಸುಮ್ಮನಿರುತ್ತದೆ, ತೊಡೆಯ ಮೇಲೆ ಅಂಗಾತ ಬಿದ್ದ ಆ ಕೈಯನ್ನು ಐಡೆಲ್ಲಾ ಈಗೀಗ ಕದ್ದು ನೋಡುತ್ತಾಳೆ, ಮದುವೆಯಾದ ಹೊಸದರಲ್ಲಿ ಗಂಡನನ್ನು ನೋಡುತ್ತಿದ್ದಂತೆ, ಇರಲಿ, ಅಂಟು ಒಣಗುತ್ತಿದೆ, ಬೇಗ. ನೆಲಮಾಳಿಗೆಯಲ್ಲಿ ಗಾಳಿಯಿಲ್ಲ, ಬಾಯ್ಲರಿನ ಕಾವು, ಬಟ್ಟೆ ಒಗೆಯುವ ಪುಡಿಯ ವಾಸನೆ, ಗುಲಾಬಿ ಬಣ್ಣದ ಫೋಮ್ ಹಲಗೆಯ ಮೇಲೆ ಅವಳು ಕಾರ್ಕಿನ ಪಟ್ಟಿಯನ್ನು ಬಗ್ಗಿಸಿ ಹಿಡಿದಿದ್ದಾಳೆ, ಉದ್ದಕ್ಕೆ ಸೀಳಿದರೆ ಎರಡು ಅರ್ಧ, ನೆಟ್ಟಗಿನ ಅಂಚು ಓರಿನ್ ಎಳೆದ ಗೆರೆಗೆ, ಇಳಿಜಾರಿನ ಅಂಚು ಹೊರಗೆ, ಅದರ ಮೇಲೆ ನಾಳೆ ಹಳಿ, ಹಳಿಯ ಮೇಲೆ ಶನಿವಾರ ಪುಟ್ಟ ರೈಲು, ಗೆರೆ ಬಿಡ್ಬೇಡ ಐಡಿ, ಗೆರೆ ಅಂದ್ರೆ ಗೆರೆ, ಅದು ಸರಿ ಇದ್ರೆ ರೈಲು ತಾನಾಗೇ ಓಡುತ್ತೆ. ಎಷ್ಟು ವರ್ಷ ಕೇಳಿದ್ದಾಳೆ ಅವನ ಈ ಗೆರೆಯ ಮಾತನ್ನು, ಕಾಫಿ ಕೊಡಲು ಇಳಿದು ಬಂದು, ಮೆಟ್ಟಿಲ ಮೇಲೇ ನಿಂತು, ಏನೂ ಮುಟ್ಬೇಡ ಎಂದು ಬೈಸಿಕೊಂಡು. ಈಗ ಮುಟ್ಟುವವಳು ಅವಳೇ, ಅವನು ಸ್ಟೂಲಿನ ಮೇಲೆ ಕೂತು ಹೇಳುತ್ತಾನೆ.

ಗೆರೆ ಅಂದರೆ ಗೆರೆ ಎಂದೇ ಅವನು ಮೇಲೆ ಮಲಗಿದ ಕೂಡಲೇ ಮೊದಲ ಅರ್ಧವನ್ನು ಅವನೇ ಎಳೆದಿಟ್ಟ ಪೆನ್ಸಿಲ್ ಗೆರೆಗೆ ಕೂದಲೆಳೆಯೂ ತಪ್ಪದಂತೆ ಅಂಟಿಸಿದಳು, ಗುಂಡುಸೂಜಿ ಚುಚ್ಚಿದಳು, ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದು ಒಂದು ಕಣ್ಣು ಮುಚ್ಚಿ ನೋಡಿದರೆ — ತಿರುವು ತಿರುವಾಗಿಲ್ಲ, ಒಳಕ್ಕೆ, ಹೊರಕ್ಕೆ, ಮತ್ತೆ ಒಳಕ್ಕೆ, ಕಾರ್ಕಿನ ತಪ್ಪಲ್ಲ, ತನ್ನ ತಪ್ಪೂ ಅಲ್ಲ, ಗೆರೆಯೇ ನಡುಗಿದೆ. ಈ ಊರಿನ ಅಂಗಡಿಗಳ ಹೆಸರನ್ನೆಲ್ಲ ಬರೆದ ಕೈ ಅದು, ಮಾಂಸದಂಗಡಿ, ಔಷಧಿಯಂಗಡಿ, ಅಗ್ನಿಶಾಮಕ ಠಾಣೆಯ ಬಾಗಿಲಿನ ಬಂಗಾರದ ಅಕ್ಷರ, ಅಳತೆಪಟ್ಟಿ ಬೇಡ, ದಾರ ಬೇಡ, ಏಣಿಯ ಮೇಲೆ ನಿಂತು ಉಸಿರು ಬಿಗಿಹಿಡಿದು ಒಂದೇ ಎಳೆತ, ಕೆಳಗೆ ನಿಂತವರು ಕತ್ತೆತ್ತಿ ನೋಡುತ್ತಿದ್ದರು, ಅವಳೂ ಹಾಗೆ ಕತ್ತೆತ್ತಿ ನೋಡಿಯೇ ಮರುಳಾದವಳು. ತಿರುವು ಎಳೆಯಲು ಉಳಿದವರೆಲ್ಲ ಮೊಳೆ ಹೊಡೆದು ದಬ್ಬೆ ಕಟ್ಟಿ ತಿರುಗಿಸುತ್ತಾರೆ, ರೈಲು ಕ್ಲಬ್ಬಿನ ಲೋವೆಲ್ ಸ್ಟಾಫರ್ ಒಂದು ದಬ್ಬೆ ತಂದೂ ಕೊಟ್ಟ, ತಗೋಳೋ ಓರಿನ್, ಮನುಷ್ಯರಾದವರು ಇದನ್ನ ಇಟ್ಕೊಂಡು ಎಳೀತಾರೆ, ನಾನು ಮನುಷ್ಯ ಅಂತ ಯಾರು ಹೇಳಿದ್ರೋ, ನಾನು ಪೇಂಟರು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ದಬ್ಬೆ ಇನ್ನೂ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ, ಗರಗಸದ ಪಕ್ಕದಲ್ಲಿ. ಗರಗಸದ ಕಡೆ ನೋಡಬಾರದು. ಕೈ ಗೆರೆ ಎಳೆಯೋದು ಬಿಟ್ಟ ದಿನ ಹೇಳ್ಬಿಡು ಐಡಿ, ಇದಕ್ಕೆಲ್ಲ ಗರಗಸ ಹಾಕಿ ನಾನೂ ಮೇಲೆ ಹೋಗಿ ಕೂತ್ಬಿಡ್ತೀನಿ, ರೊಟ್ಟಿಗೆ ಜಾಮ್ ಸವರುತ್ತಾ ಓರಿನ್ ಹೇಳಿದ ಮಾತು, ಜಾಮ್ ಅರ್ಧ ಮೇಜಿನ ಮೇಲಿತ್ತು, ಮೇಲೆ ಹೋಗಿ ಕೂರುವುದೆಂದರೆ ಏನೆಂದು ಅವಳಿಗೆ ಗೊತ್ತು, ಅವನಪ್ಪ ಹಾಗೆಯೇ ಒಂದು ದಿನ ಕಿಟಕಿಯ ಪಕ್ಕ ಕೂತವನು ಮತ್ತೆ ಯಾರೊಡನೆಯೂ ಮಾತಾಡಲಿಲ್ಲ. ಓರಿನ್ ಹಾಗೆ ಕೂತರೆ ಈ ಮನೆಯಲ್ಲಿ ತಾನು ಯಾರ ಜೊತೆ ಜಗಳವಾಡುವುದು.

ಅಂಟು ಹಸಿಯಿದ್ದಾಗಲೇ ಬೆಣ್ಣೆ ಸವರುವ ಚಾಕು ತೂರಿಸಿ ಕಾರ್ಕನ್ನು ಎಬ್ಬಿಸಿದಳು, ಒಂದು ಕಡೆ ಹರಿಯಿತು, ಹೋಗಲಿ, ಆ ಗೆರೆಯ ಮೇಲೆಯೇ ಹಳಿ ಹಾಕಿದರೆ ಶನಿವಾರ ಕ್ಲಬ್ಬಿನವರೆಲ್ಲ ಸುತ್ತ ನಿಂತಿರುವಾಗ ಎಂಜಿನ್ ಇದೇ ತಿರುವಿನಲ್ಲಿ ಮಗುಚುತ್ತದೆ, ಯಾವ ಕುಡುಕ ಹಾಕಿದ್ದಪ್ಪಾ ಇದನ್ನ ಎಂದು ಲೋವೆಲ್ ಕೇಳಿಯೇ ಕೇಳುತ್ತಾನೆ, ಪಾಪ, ಅವನಿಗೇನು ಗೊತ್ತು. ಕಾರ್ಕನ್ನು ಅದರ ಪಾಡಿಗೆ ಬಿಟ್ಟರೆ ತಾನೇ ಒಂದು ಸೊಗಸಾದ ಬಾಗು ಹಿಡಿಯುತ್ತದೆ, ಬಿಟ್ಟಳು, ಹಿಡಿಯಿತು, ಸೂಜಿ ಚುಚ್ಚಿದಳು, ಈಗ ಎರಡನೇ ಅರ್ಧ, ಇದನ್ನು ಪಕ್ಕಕ್ಕೆ ಒತ್ತಿ ಕೂರಿಸಿದರೆ ಗೆರೆಯೆಲ್ಲ ಅಡಿಗೆ ಹೋಗುತ್ತದೆ, ಮೇಲೆ ಟೊಮ್ಯಾಟೊ ಸೂಪಿನ ಡಬ್ಬಿ, ಬೀನ್ಸಿನ ಡಬ್ಬಿ, ಸಾಲಾಗಿ ಭಾರಕ್ಕೆ, ಅವನು ಏಳುವುದರೊಳಗೆ ಎಲ್ಲ ಮುಚ್ಚಿರುತ್ತದೆ — ಎಲ್ಲವೂ ಅಲ್ಲ. ಒಂದು ಕಡೆ ಕೈ ಎಷ್ಟು ಜೋರಾಗಿ ಹಾರಿದೆಯೆಂದರೆ ಗೆರೆ ಕಾರ್ಕಿನ ಅಂಚನ್ನೂ ದಾಟಿ ಹೊರಗೆ ಬಂದು, ಗಾಳದ ಕೊಕ್ಕೆಯ ಹಾಗೆ ಬಾಗಿ, ಮತ್ತೆ ಅಡಿಗೆ ಹೋಗಿದೆ. ರಬ್ಬರ್, ಎಲ್ಲಿ ರಬ್ಬರ್, ಉಜ್ಜಿದಳು, ಸೀಸದ ಕಪ್ಪು ಹೋಯಿತು, ಗೀರು ಹೋಗಲಿಲ್ಲ, ನಡುಕವನ್ನು ಅದುಮಿಡಲು ಅವನು ಅಷ್ಟು ಬಲವಾಗಿ ಒತ್ತಿದ್ದಾನೆ, ಫೋಮ್ ಬಿರಿದಿದೆ, ಹಲ್ಲು ಕಚ್ಚಿರಬೇಕು, ಒಬ್ಬನೇ ಇಲ್ಲಿ, ತಾನು ಅಂಗಡಿಗೆ ಹೋಗಿದ್ದಾಗ. ಅಲ್ಲೊಂದು ಪೊದೆ ನೆಟ್ಟರೆ, ಒಂದು ಬಂಡೆ, ಒಂದು ದನ, ಆದರೆ ರೈಲು ಓಡೋ ಮುಂಚೆ ಮರಗಿಡ ಇಡ್ಬಾರ್ದು ಎಂಬುದೂ ಅವನದೇ ಕಾನೂನು, ಉಗುರಿನಿಂದ ತಿಕ್ಕಿದಳು, ಗೀರು ಅಗಲವಾಯಿತು, ಅಯ್ಯೋ ದೇವರೇ, ಸೂಪಿನ ಡಬ್ಬಿಯನ್ನೇ ಅದರ ಮೇಲೆ ಇಟ್ಟಳು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಪಕ್ಕದ ಕಂಬಿ ಗಡಗಡ, ನನ್ನ ಬಿಟ್ಟು ಎಷ್ಟು ಮುಗಿಸಿದೆ ಐಡಿ, ಆಯ್ತು, ಒಣಗ್ಬೇಕು ಅಷ್ಟೆ, ಅವನು ಬಗ್ಗುತ್ತಾನೆ, ಒಂದು ಕಣ್ಣು ಮುಚ್ಚುತ್ತಾನೆ, ತಿರುವಿನುದ್ದಕ್ಕೂ ನೋಡುತ್ತಾನೆ, ಚೆನ್ನಾಗಿ ಕೂತಿದೆ, ಆಮೇಲೆ ಸೂಪಿನ ಡಬ್ಬಿಯನ್ನು ನೋಡುತ್ತಾನೆ, ಇದ್ಯಾಕೆ ಇಲ್ಲಿ, ಕಾರ್ಕ್ ಬಿಟ್ಟು, ಫೋಮಿಗೆ ಯಾಕೆ ಭಾರ, ಅವಳು ಬಾಯಿ ತೆರೆಯುವುದರೊಳಗೆ ಎತ್ತಿದ. ಬೆರಳನ್ನು ಗೀರಿನಲ್ಲಿಟ್ಟ, ಅದು ಹೊರಬರುವಲ್ಲಿಂದ ಅಡಿಗೆ ಹೋಗುವವರೆಗೆ ಸವರಿದ, ಬೆರಳು ಗೀರಿನೊಳಗೂ ನಿಲ್ಲದೆ ಅದುರುತ್ತಿತ್ತು. ನೀನು ಸರಿ ಮಾಡಿದ್ದಾ, ಇಲ್ಲ, ಕಾರ್ಕು ತಾನೇ ಬಗ್ಗಿತು, ಹೂಂ, ನನಗಿಂತ ಕಾರ್ಕಿಗೇ ಬುದ್ಧಿ ಇದೆ. ಈಗ ಗರಗಸ ಎನ್ನುತ್ತಾನೆ, ಈಗ, ಅವಳು ಎರಡೂ ಕೈಯಲ್ಲಿ ಹಲಗೆಯ ಅಂಚನ್ನು ಹಿಡಿದುಕೊಂಡಳು, ಅವನು ಗೋಡೆಯ ಕಡೆ ನೋಡಿದ, ಗರಗಸವನ್ನೋ ದಬ್ಬೆಯನ್ನೋ, ಎರಡನ್ನೂ ತೆಗೆಯಲಿಲ್ಲ, ಪೆನ್ಸಿಲ್ ಕೊಡು ಅಂದ. ಆ ಕಡೆ ತಿರುವು ಬಾಕಿ ಇದೆ. ಕೊಡೇ. ಕೊಟ್ಟಳು, ಗೋಡೆಯ ದಬ್ಬೆಯ ಕಡೆ ಒಮ್ಮೆ ನೋಡಿದಳು, ಅವನು ಫೋಮಿನ ಮೇಲೆ ಬಗ್ಗಿದ, ಉಸಿರು ಬಿಗಿಹಿಡಿದ, ನನ್ನ ಮಣಿಕಟ್ಟು ಹಿಡ್ಕೋ, ಇಷ್ಟು ವರ್ಷದಲ್ಲಿ ಮೊದಲ ಸಲ, ಹಿಡಿದಳು, ಬಿಗಿಯಾಗಿ ಹಿಡ್ಕೋ, ಬಿಗಿಯಾಗೇ ಹಿಡಿದಿದೀನಿ ಕಣೋ, ಎರಡೂ ಕೈಯಲ್ಲಿ, ಮೈಯ ಭಾರವನ್ನೆಲ್ಲ ಬಿಟ್ಟು, ಆದರೆ ನಡುಕ ಅವಳ ಬೆರಳಿಗೆ ಬಂತು, ಮೊಣಕೈಗೆ ಬಂತು, ಭುಜಕ್ಕೆ ಬಂತು, ಪೆನ್ಸಿಲಿನ ತುದಿ ಫೋಮನ್ನು ಸೀಳುತ್ತಾ ಹೊರಟಿತು, ಗುಲಾಬಿಯ ಮೇಲೆ ಕಪ್ಪು ಗೀರು, ಒಳಕ್ಕೆ, ಹೊರಕ್ಕೆ, ಮತ್ತೆ ಒಳಕ್ಕೆ,